ಉಪ್ಪಿನ ಹಕ್ಕಿ ಸೋತ ವರ್ಷ

ನಮ್ಮ ಊರಿನಲ್ಲಿ ಸಂಸಾರದ ಕಥೆಗಳಿಗೆ ಯಾವ ತೊಂದರೆಯೂ ಇಲ್ಲ. ಅತ್ತೆ ಸೊಸೆಯರ ಜಗಳ, ಅಣ್ಣ ತಮ್ಮಂದಿರ ವ್ಯಾಜ್ಯ, ಕೂಡಿ ಬಾರದ ಪ್ರೀತಿ, ಇವೆಲ್ಲ ಎಷ್ಟು ಕಾಲವಾದರೂ ಅಚ್ಚಾದ ಹಾಗೆಯೇ ಪುಸ್ತಕದಲ್ಲಿ ಇರುತ್ತವೆ. ಇಲ್ಲದ ಲೋಕಗಳ ಕಥೆಗಳಲ್ಲಿ ಮಾತ್ರ, ಅಂದರೆ ಬೇರೆ ಗ್ರಹಗಳವು, ಮುಂದೆ ಬರುವ ಕಾಲದವು, ಮಾತಾಡುವ ಯಂತ್ರಗಳವು, ವರ್ಷಕ್ಕೆ ಒಂದೇ ಉಳಿಯುತ್ತದೆ. ಮಾಘ ಮಾಸದ ಒಂದು ಭಾನುವಾರ ಓದುಗರ ಬಳಗದವರು ಕೂತು, ವಾದ ಮಾಡಿ, ಆ ವರ್ಷದ ಒಳ್ಳೆಯ ಕಥೆಯನ್ನು ಆರಿಸಿ ಬಹುಮಾನ ಕೊಡುತ್ತೇವೆ. ಮರುದಿನ ಬೆಳಗಾಗುವಷ್ಟರಲ್ಲಿ ಉಳಿದ ಕಥೆಗಳ ಅಕ್ಷರ ಹಾಳೆಯ ಮೇಲೆ ಇರುವುದಿಲ್ಲ. ನಮ್ಮ ತಲೆಯಲ್ಲೂ ಇರುವುದಿಲ್ಲ. ಕಥೆಯ ಹೆಸರು ಉಳಿಯುತ್ತದೆ. ಓದಿದ್ದೆವು ಎಂಬುದು ಉಳಿಯುತ್ತದೆ. ಅತ್ತಿದ್ದರೆ ಅತ್ತಿದ್ದು ಉಳಿಯುತ್ತದೆ. ಏನನ್ನು ಓದಿ ಅತ್ತೆವು ಎಂಬುದು ಹೋಗಿಬಿಡುತ್ತದೆ.

ಹೊರಗಿನಿಂದ ಬಂದವರು, ಬಹುಮಾನವನ್ನೇ ನಿಲ್ಲಿಸಬಾರದೇ ಎಂದು ಕೇಳುತ್ತಾರೆ. ನಮ್ಮ ತಂದೆಯ ಕಾಲದಲ್ಲಿ ಒಮ್ಮೆ ನಿಲ್ಲಿಸಿದ್ದರಂತೆ. ಆ ವರ್ಷದ ಕಥೆಗಳು ಒಂದೂ ಉಳಿಯಲಿಲ್ಲ.

ಊರು ಇದಕ್ಕೆ ಹೊಂದಿಕೊಂಡಿದೆ. ಆಯ್ಕೆಯ ಮರುದಿನವನ್ನು ಬೋಳು ಸೋಮವಾರ ಎನ್ನುತ್ತಾರೆ. ಅವತ್ತು ಕಿರಾಣಿ ಅಂಗಡಿಯವರು ಮನೆ ಮನೆಗೆ ಬಂದು ಬಿಳಿಯಾದ ಹಾಳೆಗಳನ್ನು ಒಯ್ಯುತ್ತಾರೆ. ಮಸಿ ಇಲ್ಲದ ಕಾಗದದಲ್ಲಿ ಕಟ್ಟಿದ ಬೆಲ್ಲವನ್ನು ಜನ ಇಷ್ಟಪಟ್ಟು ಕೊಳ್ಳುತ್ತಾರೆ. ಬಳಗದವರು ಅವತ್ತು ಹಲ್ಲು ಕೀಳಿಸಿಕೊಂಡವರ ಹಾಗೆ ಓಡಾಡುತ್ತಾರೆ. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಉಳಿಸಿಕೊಳ್ಳಲು ಮಾಡದ ಪ್ರಯತ್ನವಿಲ್ಲ. ಬಾಯಿಪಾಠ ಮಾಡಿದವರಿದ್ದಾರೆ, ಕಲ್ಲಿನಲ್ಲಿ ಕೆತ್ತಿಸಿದವರಿದ್ದಾರೆ. ದರ್ಜಿಯೊಬ್ಬ ತನಗೆ ಇಷ್ಟವಾದ ಒಂದು ಸಾಲನ್ನು ಮುಂಗೈಗೆ ಹಚ್ಚೆ ಹಾಕಿಸಿಕೊಂಡಿದ್ದ. ಬೆಳಿಗ್ಗೆ ಎದ್ದಾಗ ಚರ್ಮ ಊದಿಕೊಂಡು ನೋಯುತ್ತಿತ್ತಂತೆ, ಅಕ್ಷರ ಇರಲಿಲ್ಲ.

ನನ್ನ ಹೆಸರು ಇಂದುಮತಿ. ಪೇಟೆ ಬೀದಿಯಲ್ಲಿ ನನ್ನದು ಕನ್ನಡಕದ ಅಂಗಡಿ. ಅದರ ಮಹಡಿಯ ಮೇಲೆ ಬಳಗ ಸೇರುತ್ತದೆ. ಅಲ್ಲಿಗೆ ಬರುತ್ತಿದ್ದವರಲ್ಲಿ ವಾದಕ್ಕೆ ನಿಂತರೆ ಎದುರಿಲ್ಲದವಳು ಗೌರಾಂಬ. ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುವ ಕೆಲಸ. ದಪ್ಪ ಜಡೆ, ದಪ್ಪ ದನಿ. ಯಾರಾದರೂ ಕಥೆ ಚೆನ್ನಾಗಿದೆ ಎಂದರೆ, "ಚೆನ್ನಾಗಿದೆ ಅಂದ್ರೆ ಆಯ್ತಾ? ಯಾಕೆ ಅಂತ ಹೇಳಿ" ಎಂದು ಅವರು ಬೆವರುವ ತನಕ ಬಿಡುತ್ತಿರಲಿಲ್ಲ. ಬಳಗದ ಅಧ್ಯಕ್ಷರಾದ ಸದಾನಂದ ರಾಯರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು; ಅವರು ಲೋಕದಲ್ಲಿ ಹೆದರುತ್ತಿದ್ದದ್ದು ಅವಳೊಬ್ಬಳಿಗೆ ಎಂದು ನಾವು ನಗುತ್ತಿದ್ದೆವು.

ಅವಳ ಗಂಡ ತಿಪ್ಪೇಸ್ವಾಮಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೊದಮೊದಲು ಅವಳನ್ನು ಬಿಟ್ಟು ಹೋಗಲು ಬರುತ್ತಿದ್ದವನು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದ. ಆಮೇಲೆ ಬಾಗಿಲ ಹತ್ತಿರ ಕೂತ. ಆಮೇಲೆ ಒಂದು ದಿನ, ಮುಂದೆ ಬಹುಮಾನ ಗೆದ್ದ, ಚಂದ್ರನ ಮೇಲೆ ಬಸ್ಸು ಓಡಿಸುವ ಕಥೆಯೊಂದರಲ್ಲಿ ಬ್ರೇಕಿನ ವಿಷಯ ತಪ್ಪಿದೆ ಎಂದು ಬಾಯಿ ಬಿಟ್ಟ. ಗೌರಾಂಬ ತಿರುಗಿ ಅವನನ್ನು ನೋಡಿದ ಬಗೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವಳು ಅವನನ್ನು ಆಗಷ್ಟೇ ಮೆಚ್ಚಿದಂತಿತ್ತು. ಅವರಿಗೆ ಮಕ್ಕಳಿರಲಿಲ್ಲ.

ನಾನು ಹೇಳುವ ವರ್ಷದ ಯುಗಾದಿ ಸಂಚಿಕೆಯೊಂದರಲ್ಲಿ 'ಉಪ್ಪಿನ ಹಕ್ಕಿ' ಎಂಬ ಕಥೆ ಬಂತು. ಮಳೆಗಾಲ ಶುರುವಾದಾಗ ಗೌರಾಂಬನ ಮೂತ್ರಪಿಂಡಗಳು ಕೈಕೊಟ್ಟವು. ಆಸ್ಪತ್ರೆಗೆ ಸೇರಿದವಳು ಮತ್ತೆ ಮನೆಗೆ ಬರಲಿಲ್ಲ. ತಿಪ್ಪೇಸ್ವಾಮಿ ಪಾಳಿ ಮುಗಿಸಿ, ಕೈಗೆ ಹತ್ತಿದ ಗ್ರೀಸು ಪೂರ್ತಿ ಹೋಗುವ ಮೊದಲೇ ವಾರ್ಡಿಗೆ ಓಡಿ ಅವಳಿಗೆ ಓದಿ ಹೇಳುತ್ತಿದ್ದ. ಬೇರೆ ಕಥೆಗಳನ್ನೂ ಓದಿದ; ಅವಳು ತಿರುಗಿ ತಿರುಗಿ ಕೇಳುತ್ತಿದ್ದದ್ದು ಉಪ್ಪಿನ ಹಕ್ಕಿಯನ್ನೇ. ನಾನು ನೋಡಲು ಹೋದಾಗಲೆಲ್ಲ ಅವರಿಬ್ಬರೂ ಆ ಕಥೆಯ ಮಾತಿನಲ್ಲೇ ಮಾತಾಡುತ್ತಿದ್ದರು. ಸೂಜಿ ಚುಚ್ಚುವ ನರ್ಸಿಗೆ ಕಥೆಯಲ್ಲಿದ್ದ ಯಾರದೋ ಹೆಸರಿಟ್ಟಿದ್ದರು. ಡಾಕ್ಟರು ಬಂದು ಹೋದ ಮೇಲೆ ಅವಳು ಕಥೆಯದೇ ಒಂದು ಮಾತು ಹೇಳುತ್ತಿದ್ದಳು, ಅವನು ಅದಕ್ಕೆ ಕಥೆಯದೇ ಉತ್ತರ ಕೊಡುತ್ತಿದ್ದ, ಇಬ್ಬರೂ ನಗುತ್ತಿದ್ದರು. ಆ ಹೆಸರು ಯಾವುದು, ಆ ಮಾತು ಯಾವುದು ಎಂದು ನಾನು ಇಲ್ಲಿ ಬರೆಯಬೇಕಿತ್ತು. ಬರೆಯಲಾರೆ.

ದಸರೆ ಕಳೆದ ಮೇಲೆ ಅವಳು ತೀರಿಕೊಂಡಳು.

ಮಾಘದ ಹೊತ್ತಿಗೆ ಕೊನೆಯ ಸುತ್ತಿನಲ್ಲಿ ಎರಡು ಕಥೆ ಉಳಿದಿದ್ದವು. ಒಂದು ಉಪ್ಪಿನ ಹಕ್ಕಿ. ಇನ್ನೊಂದು 'ಬಾವಿಯ ತಳದ ಗ್ರಹ'. ಇದನ್ನು ಹೇಳಬಲ್ಲೆ. ಬರಗಾಲದ ಊರಿನ ಹೆಂಗಸೊಬ್ಬಳು ಬಾವಿಗೆ ಕೊಡ ಇಳಿಸುತ್ತಾಳೆ, ಬತ್ತಿದ ಬಾವಿಯಿಂದ ನೀರು ಬರುತ್ತದೆ. ಊರೆಲ್ಲ ಕುಡಿಯುತ್ತದೆ. ಒಂದು ದಿನ ಕೊಡದ ಕಂಠಕ್ಕೆ ಒಂದು ಬಟ್ಟೆಯ ಚೂರು ಕಟ್ಟಿಕೊಂಡು ಬರುತ್ತದೆ. ಬಾವಿಯ ತಳದಲ್ಲಿ ಬೇರೊಂದು ಲೋಕವಿದೆ, ಅಲ್ಲಿ ಇನ್ನೊಬ್ಬ ಹೆಂಗಸಿದ್ದಾಳೆ, ಅವಳ ಕೆರೆ ಇಳಿಯುತ್ತಿದೆ. ಇವಳು ಯಾರಿಗೂ ಹೇಳದೆ ಹಗ್ಗ ಕತ್ತರಿಸುತ್ತಾಳೆ, ಊರಿನವರ ಕಲ್ಲೇಟು ತಿನ್ನುತ್ತಾಳೆ. ಅಷ್ಟೇ ಕಥೆ. ಓದಿದ ಮೇಲೆ ಒಂದು ವಾರ ನನಗೆ ನೀರು ಚೆಲ್ಲಲು ಕೈ ಬರುತ್ತಿರಲಿಲ್ಲ.

ಆಯ್ಕೆಯ ಹಿಂದಿನ ವಾರ ಬೇಕರಿಯ ಫಿಲೋಮಿನಾ ಬಳಗದವರ ಮನೆಗಳಿಗೆಲ್ಲ ಹೋಗಿ ಬಂದಳು. ಅವಳು ಗೌರಾಂಬನ ಗೆಳತಿ. "ಬಾವಿ ದೊಡ್ಡ ಕಥೇನೇ ಇರ್ಬೋದು. ಹಕ್ಕಿ ಹೋದ್ರೆ ಆ ಮನುಷ್ಯನ ಹತ್ರ ಏನಿರುತ್ತೆ ಹೇಳಿ? ಒಂದು ವರ್ಷ, ಒಂದೇ ಒಂದು ವರ್ಷ, ಕಣ್ಮುಚ್ಚಿ ಕೈ ಎತ್ತಿ" ಎಂದು ಎಲ್ಲರ ಕೈ ಹಿಡಿದು ಕೇಳಿಕೊಂಡಳು. ಬಹಳ ಜನ ಒಪ್ಪಿದರು. ನಾನೂ ಒಪ್ಪಿದೆ.

ಭಾನುವಾರ ಮಧ್ಯಾಹ್ನ ಮಹಡಿ ತುಂಬಿತ್ತು. ತಿಪ್ಪೇಸ್ವಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಗೌರಾಂಬ ಕೂರುತ್ತಿದ್ದ ಕುರ್ಚಿಯ ಪಕ್ಕದಲ್ಲಿ ಕೂತ. ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಫಿಲೋಮಿನಾ ಎದ್ದು ಉಪ್ಪಿನ ಹಕ್ಕಿಯಿಂದ ಒಂದು ಭಾಗ ಓದಿದಳು. ಓದಿದ್ದು ನೆನಪಿದೆ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡದ್ದು ನೆನಪಿದೆ.

ರಾಯರು ಎದ್ದು ನಿಂತು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಾನು ಹೇಳೋದು ಕೆಲವರಿಗೆ ಕಟುಕನ ಮಾತು ಅನ್ನಿಸುತ್ತೆ. ಅನ್ನಿಸಲಿ. ನಾವು ಒಂದು ಕಥೇನ ಆರಿಸಿದ್ರೆ, ನಮ್ಮ ನಂತರ ಹುಟ್ಟೋರಿಗೆ ಈ ವರ್ಷದ್ದು ಅಂತ ಅದೊಂದೇ ಸಿಗೋದು. ಅವರಿಗೆ ನಾವು ಯಾರ ಮೇಲೆ ಕನಿಕರಪಟ್ವಿ ಅನ್ನೋದು ಬೇಕಾಗಿಲ್ಲ. ಒಳ್ಳೇ ಕಥೆ ಬೇಕು."

"ಮೇಷ್ಟ್ರೇ, ಹುಟ್ಟದೇ ಇರೋರ ಚಿಂತೆ ನಿಮಗೆ. ಇಲ್ಲಿ ಕೂತಿರೋ ಮನುಷ್ಯ ಕಾಣ್ಸಲ್ವಾ?" ಫಿಲೋಮಿನಾ ಕೂಗಿದಳು.

"ಕಾಣ್ಸುತ್ತಮ್ಮ. ಅದಕ್ಕೇ ಹೇಳೋದು ಕಷ್ಟವಾಗ್ತಿದೆ." ರಾಯರು ಖಾಲಿ ಕುರ್ಚಿಯ ಕಡೆ ನೋಡಿದರು. "ಗೌರಾಂಬ ಇದ್ದಿದ್ರೆ ನಾನು ಬಾಯಿ ಬಿಡಬೇಕಾಗಿರ್ಲಿಲ್ಲ. ಅವಳೇ ಹೇಳ್ತಿದ್ಲು."

"ಅವಳ ಹೆಸರು ತರ್ಬೇಡಿ!"

ಗಲಾಟೆಯಾಯಿತು. ಯಾರೋ ಕುರ್ಚಿ ಸರಿಸಿ ಎದ್ದರು. ಹಕ್ಕಿಯ ನಡುಭಾಗ ಎಳೆಯುತ್ತದೆ ಎಂದು ಒಬ್ಬರು, ಬಾವಿಯ ಕಥೆಯಲ್ಲಿ ಕಣ್ಣೀರೇ ಇಲ್ಲ, ಬರೀ ನೀರು ಎಂದು ಇನ್ನೊಬ್ಬರು. ತಿಪ್ಪೇಸ್ವಾಮಿ ತಲೆ ತಗ್ಗಿಸಿ ಕೂತಿದ್ದ. ಅವನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅದು ನಮಗೆ ಗೊತ್ತಿದೆ ಎಂದೇ ಎಲ್ಲರೂ ತಿಳಿದಿದ್ದೆವು.

ಉಪ್ಪಿನ ಹಕ್ಕಿಗೆ ಕೈ ಎತ್ತಿ ಎಂದು ರಾಯರು ಹೇಳಿದಾಗ ಮಹಡಿಯ ಬಹುಪಾಲು ಕೈಗಳು ಮೇಲೆ ಹೋದವು. ನನ್ನದೂ ಹೋಯಿತು. ಗೆದ್ದೆವು ಎಂದುಕೊಂಡು ಎಲ್ಲರೂ ತಿಪ್ಪೇಸ್ವಾಮಿಯ ಕಡೆ ನೋಡಿದೆವು. ಅವನ ಕೈಗಳು ತೊಡೆಯ ಮೇಲೇ ಇದ್ದವು. ದುಃಖದಲ್ಲಿ ಮರೆತಿದ್ದಾನೆಂದು ಫಿಲೋಮಿನಾ ಅವನ ಭುಜ ಮುಟ್ಟಿದಳು. "ಸ್ವಾಮಣ್ಣ, ಕೈ." ಅವನು ತಲೆ ಅಲ್ಲಾಡಿಸಿದ. ರಾಯರು ಎಣಿಸಲು ಶುರು ಮಾಡಿದವರು ಎಣಿಕೆ ಬಿಟ್ಟು ನಿಂತರು.

"ಬಾವಿಗೆ" ಎಂದು ತಿಪ್ಪೇಸ್ವಾಮಿ ತನ್ನ ಬಲಗೈ ಎತ್ತಿದ. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಇತ್ತು.

ಆಮೇಲೆ ಆದದ್ದು ಹೀಗೆ. ಹಕ್ಕಿಗೆ ಎತ್ತಿದ್ದ ಕೈಗಳು ಒಂದೊಂದಾಗಿ ಇಳಿದವು. ಅವನಿಗಾಗಿ ಎತ್ತಿದ್ದವರಿಗೆ ಇನ್ನು ಎತ್ತಿ ಹಿಡಿಯಲು ಕಾರಣ ಉಳಿಯಲಿಲ್ಲ. ಕೊನೆಗೆ ಫಿಲೋಮಿನಾ ಮತ್ತು ನಾನು, ಇನ್ನೂ ಕೆಲವರು, ಅಷ್ಟೇ. ಬಾವಿ ಗೆದ್ದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೆಳಗೆ ಬೀದಿಯಲ್ಲಿ ನಾನು ಅವನನ್ನು ಹಿಡಿದು ನಿಲ್ಲಿಸಿದೆ. ನನಗೆ ಸಿಟ್ಟು ಬಂದಿತ್ತು. "ಇದೇನ್ ಮಾಡ್ದೆ ಸ್ವಾಮಣ್ಣ? ನಿನಗೋಸ್ಕರ ಅಲ್ವಾ ಎಲ್ರೂ ಅಷ್ಟು ಕಷ್ಟಪಟ್ಟಿದ್ದು?"

"ಗೊತ್ತಕ್ಕ." ಅವನು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದ. "ಬಾವಿ ಕಥೇನೂ ಅವಳಿಗೆ ಓದಿದ್ದೆ. ಒಂದೇ ಸಲ. ಆಮೇಲೆ, ರೀ, ಬಹುಮಾನ ಇದಕ್ಕೇ ಬರ್ಬೇಕು, ಹಕ್ಕಿ ನಮ್ದು, ಆದ್ರೆ ಇದು ದೊಡ್ಡದು ಅಂದ್ಲು. ನೀವು ಕೈ ಎತ್ತುವಾಗ ನನ್ನ ಕೈನೂ ಸೇರಿಸ್ಕೊಳ್ಳಿ ಅಂದ್ಲು."

"ಅವಳಿಗೇನು ಗೊತ್ತಿತ್ತು, ನೀನು ಹೀಗೆ ಒಬ್ನೇ ಆಗ್ತೀಯ ಅಂತ?"

"ಗೊತ್ತಿತ್ತು ಇಂದಕ್ಕ. ಅವಳಿಗೆ ಎಲ್ಲಾ ಗೊತ್ತಿತ್ತು." ಅವನು ಸೈಕಲ್ ಏರಿದ. "ಹೋಗ್ತೀನಿ. ಹೋಗಿ ಓದ್ಬೇಕು."

ಅವತ್ತು ಸಂಜೆಯಿಂದ ಅವನ ಮನೆಯಿಂದ ಗಟ್ಟಿಯಾಗಿ ಓದುವ ದನಿ ಕೇಳುತ್ತಿತ್ತು ಎಂದು ಪಕ್ಕದ ಮನೆಯವರು ಹೇಳಿದರು. ಮುಗಿದ ಮೇಲೆ ಮತ್ತೆ ಮೊದಲಿಂದ ಓದಿದನಂತೆ.

ಸೋಮವಾರ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಅವನು ಬಂದು ನಿಂತಿದ್ದ. ಕೈಯಲ್ಲಿ ಯುಗಾದಿ ಸಂಚಿಕೆ. ಜಾಹೀರಾತುಗಳಿದ್ದವು, ಅಡುಗೆಯ ಅಂಕಣವಿತ್ತು, ನಡುವಿನ ಹಾಳೆಗಳು ಬೆಳ್ಳಗೆ. ಒಂದು ಹಾಳೆಯ ಮೇಲೆ ಕಷಾಯ ಚೆಲ್ಲಿದ ಕಂದು ಗುರುತು ದುಂಡಗೆ ಉಳಿದಿತ್ತು.

"ಇದು ಅವಳು ಚೆಲ್ಲಿದ್ದು. ನಗ್ತಾ ಚೆಲ್ಲಿದ್ಲು. ಸೆರಗಲ್ಲಿ ಒರೆಸಿದ್ಲು" ಎಂದ. ಬೆರಳನ್ನು ಆ ಗುರುತಿನ ಸುತ್ತ ಆಡಿಸಿದ. "ಯಾವ್ದಕ್ಕೆ ನಕ್ಳು ಇಂದಕ್ಕ? ನೀನು ಅವತ್ತು ಇದ್ದೆ ಅಲ್ವಾ?"

ನಾನು ಇದ್ದೆ. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಅವನು ಓದುತ್ತಿದ್ದ, ಅವಳು ನಕ್ಕಳು, ನಾನೂ ನಕ್ಕೆ. ನೆನಪು ಮಾಡಿಕೊಂಡರೆ ಅವನ ತುಟಿ ಅಲ್ಲಾಡುವುದು ಕಾಣುತ್ತದೆ, ದನಿ ಕೇಳುವುದಿಲ್ಲ. "ಗೊತ್ತಾಗ್ತಿಲ್ಲಪ್ಪ" ಎಂದೆ. ಅವನು ಅಂಗಡಿಯ ಕನ್ನಡಿಗಳ ನಡುವೆ ಬಹಳ ಹೊತ್ತು ನಿಂತಿದ್ದು ಡಿಪೋಗೆ ಹೋದ.

ಅವನಿಂದ ಹೋದದ್ದು ಒಂದು ಕಥೆ ಮಾತ್ರವಲ್ಲ ಎಂದು ಆಮೇಲಾಮೇಲೆ ತಿಳಿಯಿತು. ಗೌರಾಂಬನ ಜೊತೆ ಕಳೆದ ಕೊನೆಯ ತಿಂಗಳುಗಳಲ್ಲಿ ಅವರು ಆಡಿದ ಮಾತೆಲ್ಲ ಆ ಕಥೆಯೊಳಗಿನಿಂದ ಬಂದದ್ದು. ಅವೂ ಹೋದವು. ಸಾಯುವ ಹಿಂದಿನ ದಿನ ಅವಳು ಅವನ ಕೈ ಹಿಡಿದು ಏನೋ ಹೇಳಿದ್ದಳು. ಅದೂ ಕಥೆಯದೇ ಮಾತಿರಬೇಕು, ಯಾಕೆಂದರೆ ಅವನಿಗೆ ಅದೂ ನೆನಪಿರಲಿಲ್ಲ. ಡಿಪೋದಲ್ಲಿ ಬಸ್ಸಿನ ಅಡಿ ಮಲಗಿದವನು ಕೆಲಸ ಬಿಟ್ಟು ಸುಮ್ಮನೆ ಮಲಗಿರುತ್ತಿದ್ದನಂತೆ. ಕಾಲು ಹಿಡಿದು ಎಳೆದರೆ ಎದ್ದು, ಕ್ಷಮಿಸಿ ಸಾರ್ ಎಂದು ಮತ್ತೆ ಸ್ಪ್ಯಾನರ್ ಹಿಡಿಯುತ್ತಿದ್ದ. ಫಿಲೋಮಿನಾ ಬನ್ನು ಕಳಿಸುತ್ತಿದ್ದಳು, ಆದರೆ ತಾನು ಹೋಗುತ್ತಿರಲಿಲ್ಲ. ಅವಳಿಗೆ ಅವನ ಮೇಲಿನ ಕೋಪ ಇಳಿದಿರಲಿಲ್ಲ.

ಬೇಸಿಗೆಯಲ್ಲಿ ಅವನು ಸೇತುವೆಯಾಚೆಯ ಊರಿಗೆ ಹೋಗಿ ಬಂದ. ಅಲ್ಲಿ ಕಥೆಗಳು ಹಾಳೆ ಬಿಟ್ಟು ಹೋಗುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಆದರೆ ಅಲ್ಲಿಂದ ತಂದ ಪುಸ್ತಕ ಸೇತುವೆಯ ಈ ತುದಿಗೆ ಬರುವಷ್ಟರಲ್ಲಿ ಬಿಳಿಯಾಗುತ್ತದೆ, ಓದಿ ಬಂದವರ ತಲೆಯೂ ಹಾಗೆಯೇ. ಅದಕ್ಕೆ ಯಾರೂ ಹೋಗುತ್ತಿರಲಿಲ್ಲ. ಅವನು ಹೋದ. ಬಂದವನು ನೇರ ನನ್ನ ಅಂಗಡಿಗೆ ಬಂದು ಕೂತ.

"ಓದಿದ್ಯಾ?" ಎಂದೆ.

"ಓದ್ದೆ. ಅಲ್ಲಿನ ಲೈಬ್ರರಿಯಮ್ಮ ಹುಡುಕಿ ಕೊಟ್ರು. ಫ್ಯಾನ್ ಕೆಳಗೆ ಕೂರ್ಸಿದ್ರು."

"ಏನಾಯ್ತು?"

"ಏನಾಗ್ಲಿಲ್ಲ ಇಂದಕ್ಕ." ಅವನು ನನ್ನ ಮುಖ ನೋಡಲಿಲ್ಲ. "ಕಥೆ ಏನಂತ ಸೇತುವೆ ಮೇಲೇ ಹೋಯ್ತು. ಆದ್ರೆ ಓದುವಾಗ ಏನನ್ನಿಸ್ತು ಅನ್ನೋದು ಚೆನ್ನಾಗಿ ನೆನಪಿದೆ. ಯಾರೋ ಬರೆದಿದ್ದು, ಯಾರಿಗೋ ಬರೆದಿದ್ದು ಅನ್ನಿಸ್ತು. ಎಲ್ಲಿ ನಕ್ಳು, ಎಲ್ಲಿ ನಿಲ್ಸು ಅಂದ್ಲು, ಒಂದೂ ತಿಳೀಲಿಲ್ಲ. ಅವಳು ಅದ್ರೊಳಗೆ ಇರ್ಲಿಲ್ಲ."

ನಾನು ಚಹಾ ತರಿಸಿದೆ. ಅವನು ಕುಡಿಯಲಿಲ್ಲ.

ಆ ವರ್ಷವೇ ರಾಯರ ಕಣ್ಣು ಹೋಗತೊಡಗಿತು. ಅವರು ಬಂದಾಗಲೆಲ್ಲ ನಾನು ನಂಬರು ಬದಲಿಸಿ ನೋಡುತ್ತಿದ್ದೆ, ಕೊನೆಗೆ ಯಾವ ಗಾಜೂ ಪ್ರಯೋಜನಕ್ಕೆ ಬರಲಿಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತಿದೆ ಎಂದು ಡಾಕ್ಟರು ಹೇಳಿದ್ದರಂತೆ. ಅವರು ಮದುವೆಯಾದವರಲ್ಲ, ಓದು ಬಿಟ್ಟರೆ ಬೇರೆ ಜೊತೆಯಿರಲಿಲ್ಲ. ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಪತ್ರಿಕೆಯೊಂದನ್ನು ಹಿಡಿದು ಬಂದು, ನನ್ನ ಅಂಗಡಿಯ ಪರೀಕ್ಷೆಯ ದೀಪದ ಕೆಳಗೆ ಕೂತು, ಭೂತಗನ್ನಡಿ ಹಿಡಿದು ಅಕ್ಷರ ಅಕ್ಷರವಾಗಿ ಓದತೊಡಗಿದರು. ಕಥೆಯ ಹೆಸರು 'ಮಂಜಿನ ಅಂಚೆ'. ಮುಗಿಸಲು ನಾಲ್ಕಾರು ದಿನ ಬಂದರು. ಮುಗಿದ ದಿನ ಭೂತಗನ್ನಡಿಯನ್ನು ಮಡಿಸಿದ ಕರವಸ್ತ್ರದೊಳಗೆ ಸುತ್ತಿ ನನ್ನ ಮೇಜಿನ ಮೇಲೆ ಇಟ್ಟರು.

"ಇದು ಇನ್ನು ನಿನ್ನ ಹತ್ರಾನೇ ಇರಲಮ್ಮ. ನಾನಾಗಿ ಓದಿದ್ದು ಇದೇ ಕೊನೇದು."

"ಹಾಗನ್ಬೇಡಿ ಮೇಷ್ಟ್ರೇ."

"ಯಾರಿಗೂ ಹೇಳ್ಬೇಡ. ಹೇಳಿದ್ರೆ ಫಿಲೋಮಿನಾ ಮನೆ ಮನೆಗೆ ಹೋಗ್ತಾಳೆ. ತಿಪ್ಪೇಸ್ವಾಮಿ ಮುಂದೆ ನಾನು ಆಡಿದ ಮಾತು ನನಗೂ ಸಲ್ಲುತ್ತೆ."

ನಾನು ಹೇಳಲಿಲ್ಲ. ಮಾಘದಲ್ಲಿ ಮತ್ತೆ ಸೇರಿದೆವು. ರಾಯರು ಗೋಡೆ ಹಿಡಿದು ಮೆಟ್ಟಿಲು ಹತ್ತಿದ್ದನ್ನು ವಯಸ್ಸು ಎಂದುಕೊಂಡರು ಎಲ್ಲರೂ. ಮಂಜಿನ ಅಂಚೆಯ ಪರವಾಗಿ ಅವರು ಬಹಳ ಒಳ್ಳೆಯ ಮಾತಾಡಿದರು, ತಮ್ಮ ವಿಷಯ ಒಂದಕ್ಷರ ಎತ್ತಲಿಲ್ಲ. ಆದರೆ ಆ ವರ್ಷ ಎಲ್ಲರಿಗೂ ಇನ್ನೊಂದು ಕಥೆ ಹಿಡಿಸಿತ್ತು. ಸತ್ತ ಭಾಷೆಯೊಂದನ್ನು ಕಲಿತ ಯಂತ್ರಕ್ಕೆ ಮಾತಾಡಲು ಯಾರೂ ಸಿಗದ ಕಥೆ. ಅದು ಗೆದ್ದಿತು. ಮಂಜಿನ ಅಂಚೆಗೆ ಎದ್ದದ್ದು ರಾಯರ ಕೈ, ನನ್ನ ಕೈ. ಅಧ್ಯಕ್ಷರಾದ ಕಾರಣ ಫಲಿತಾಂಶವನ್ನು ಅವರೇ ಹೇಳಬೇಕಿತ್ತು. ಹೇಳಿದರು. ಚಪ್ಪಾಳೆಯಾಯಿತು. ಜನ ಯಂತ್ರದ ಕಥೆಯ ಮಾತಾಡುತ್ತ ಮೆಟ್ಟಿಲು ಇಳಿದರು.

ರಾಯರು ಕುರ್ಚಿಯಲ್ಲೇ ಕೂತಿದ್ದರು. ಅವರ ಕೈ ಮೇಜಿನ ಮೇಲೆ ಪತ್ರಿಕೆಯನ್ನು ಹುಡುಕುತ್ತಿತ್ತು. ಅದು ಅಲ್ಲೇ, ಒಂದು ಗೇಣು ದೂರದಲ್ಲಿ ಇತ್ತು.

ತಿಪ್ಪೇಸ್ವಾಮಿ ಆ ವರ್ಷವೆಲ್ಲ ಬಳಗಕ್ಕೆ ಬಂದಿರಲಿಲ್ಲ. ಅವತ್ತು ಬಂದು ಬಾಗಿಲ ಬಳಿ ಕೂತಿದ್ದವನು ಯಾವ ಕಥೆಗೂ ಕೈ ಎತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಎದ್ದು ಬಂದು ಪತ್ರಿಕೆಯನ್ನು ರಾಯರ ಕೈಗೆ ಮುಟ್ಟಿಸಿದ. ಅವರ ಕಣ್ಣಿನ ಮುಂದೆ ಬೆರಳು ಆಡಿಸಿ ನೋಡಿ, ನನ್ನ ಕಡೆ ತಿರುಗಿದ. ನಾನು ತಲೆಯಾಡಿಸಿದೆ.

"ಸಾರ್, ನಾನು ತಿಪ್ಪೇಸ್ವಾಮಿ. ಇವತ್ತು ನಿಮ್ಮನೆಗೆ ಬರ್ತೀನಿ."

"ಯಾಕಯ್ಯ?"

"ಆ ಕಥೆ ನೀವು ಪೂರ್ತಿ ಹೇಳಿ. ನಾನು ಓದಿಲ್ಲ. ಕೇಳ್ತೀನಿ."

"ಹೇಳಿ ಏನು ಬಂತು?" ಎಂದರು ರಾಯರು. "ಬೆಳಿಗ್ಗೆ ನನಗೂ ಇರಲ್ಲ, ನಿನಗೂ ಇರಲ್ಲ."

"ಇರಲ್ಲ ಸಾರ್. ಹೋದ ವರ್ಷ ಗೋಡೆಗೆ ಓದ್ದೆ ನಾನು. ನನ್ನ ದನಿ ನನಗೇ ಕೇಳ್ಸೋದು. ಯಾರಾದ್ರೂ ಒಬ್ರು ಹೂಂ ಅಂದಿದ್ರೆ..." ಅವನು ಬಗ್ಗಿ ರಾಯರಿಗೆ ಭುಜ ಕೊಟ್ಟ. "ಏಳಿ, ನಿಧಾನ. ಈ ಮೆಟ್ಟಿಲು ಕಡಿದು."

ರಾಯರು ಪತ್ರಿಕೆಯನ್ನು ಮಡಿಸಿ ಕಂಕುಳಿಗೆ ಸೇರಿಸಿದರು. ಆಮೇಲೆ ಅವನ ಭುಜ ಹಿಡಿದು ಎದ್ದರು. ನಾನು ಅವರ ಹಿಂದೆ ದೀಪ ಆರಿಸಿ ಬಾಗಿಲು ಎಳೆದುಕೊಂಡು ಇಳಿದೆ. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು, ತಿಪ್ಪೇಸ್ವಾಮಿ ಮುಂದೆ, ಹಿಂದಕ್ಕೆ ಚಾಚಿದ ಅವನ ಕೈಯನ್ನು ಹಿಡಿದು ರಾಯರು. ಬೀದಿಗೆ ಕಾಲಿಡುವ ಮೊದಲೇ ರಾಯರು ಕಥೆ ಶುರು ಮಾಡಿದರು. ಅವನು ಹೂಂ ಎಂದ. ಮೊದಲ ಸಾಲು ನನಗೂ ಕೇಳಿಸಿತು. ಕೇಳಿ ನಾನು ಅಲ್ಲೇ ಗೋಡೆಗೆ ಒರಗಿ ನಿಂತುಬಿಟ್ಟೆ, ಅಷ್ಟು ಚೆನ್ನಾಗಿತ್ತು. ಅದು ಏನೆಂದು ನನ್ನನ್ನು ಕೇಳಬೇಡಿ.